ಬಣ್ಣದ ಸುಳಿಯ ಸಾಬೂನು: ಸುಗಂಧದ ಶೀಶೆಯನ್ನು ಮೊದಲು ಪರೀಕ್ಷಿಸಿ



ಜಹೀರಾಬಾದ್, ನಾರಾಯಣಖೇಡ, ತಾಂಡೂರು ಈ ಮೂರೂ ಊರುಗಳಿಗೆ ಕನ್ನಡ ಹೊಸದಲ್ಲ. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾಗುವವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲೂ, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲೂ ಇದ್ದವು. ಇಂದು ಅವು ತೆಲಂಗಾಣದ ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಜಿಲ್ಲೆಗಳಿಗೆ ಸೇರಿವೆ. ಗಡಿಯ ಎರಡೂ ಬದಿಗೆ ತೊಗರಿ, ಜೋಳ, ಕಡಲೆ, ಕುಸುಬಿ ಬೆಳೆಯುವ ರೈತರಿದ್ದಾರೆ. ಮಳೆಯನ್ನೇ ನಂಬಿದ ಬೇಸಾಯವಾದ್ದರಿಂದ ಹೊಲದ ಕೆಲಸ ವರ್ಷವಿಡೀ ಇರುವುದಿಲ್ಲ. ಕೆಲಸವಿಲ್ಲದ ತಿಂಗಳುಗಳಲ್ಲಿ ಮನೆಯಲ್ಲೇ ಕುಳಿತು ನಾಲ್ಕು ಕಾಸು ಸಂಪಾದಿಸುವ ದಾರಿ ಯಾವುದು ಎಂದು ನಮ್ಮ ತಾಯಂದಿರು, ಅಕ್ಕತಂಗಿಯರು ಯೋಚಿಸುವುದು ಸಹಜ.

ಅಂಥ ದಾರಿಗಳಲ್ಲಿ ಒಂದು ಕೈಯಿಂದ ತಯಾರಿಸುವ ಸಾಬೂನು. ಅದರಲ್ಲೂ ಎರಡು ಮೂರು ಬಣ್ಣಗಳು ಒಂದರೊಳಗೊಂದು ಸುಳಿಸುಳಿಯಾಗಿ ಸೇರಿರುವ ಪರಿಮಳದ ಸಾಬೂನಿಗೆ ಪಟ್ಟಣದಲ್ಲಿ ಒಳ್ಳೆಯ ಬೇಡಿಕೆ ಇದೆ. ನೋಡಲು ಸುಂದರ, ಮಾಡಲೂ ಕಷ್ಟವಲ್ಲ ಎಂದು ಹೇಳುವವರಿದ್ದಾರೆ. ಮಾತು ಅರ್ಧ ನಿಜ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಲೆಕ್ಕದಂತೆ ನಡೆಯುತ್ತವೆ. ಸುಗಂಧ ತೈಲ ಮಾತ್ರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಸಂಘದಿಂದ ಸಾಲ ತೆಗೆದು ತಂದ ಹತ್ತು ಕಿಲೋ ಎಣ್ಣೆ, ಒಂದು ಶೀಶೆ ಸುಗಂಧ ಬಿದ್ದೊಡನೆ ಕಣ್ಣೆದುರೇ ಗಡ್ಡೆಕಟ್ಟಿ ಹಾಳಾಗಬಹುದು. ಆದ್ದರಿಂದ ಈ ಸಲ ನಾವು ಆ ಶೀಶೆಯ ಬಗ್ಗೆಯೇ ಹೆಚ್ಚಾಗಿ ಹೇಳಬೇಕೆಂದಿದ್ದೇವೆ.

ಸಾಬೂನು ಆಗುವುದು ಹೇಗೆ?

ಎಣ್ಣೆಗೆ ಕ್ಷಾರ ಸೇರಿದಾಗ ಎರಡೂ ತಮ್ಮ ಗುಣ ಕಳೆದುಕೊಂಡು ಸಾಬೂನು ಮತ್ತು ಗ್ಲಿಸರಿನ್ ಆಗುತ್ತವೆ. ಗಟ್ಟಿ ಸಾಬೂನಿಗೆ ಬೇಕಾದ ಕ್ಷಾರವೇ ಕಾಸ್ಟಿಕ್ ಸೋಡಾ. ಒಂದೊಂದು ಎಣ್ಣೆಗೆ ಬೇಕಾಗುವ ಸೋಡಾ ಬೇರೆಬೇರೆ. 100 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 18.3 ಗ್ರಾಂ, ಪಾಮೋಲಿನ್ ಎಣ್ಣೆಗೆ 14.1 ಗ್ರಾಂ, ಕುಸುಬಿ ಎಣ್ಣೆಗೆ 13.6 ಗ್ರಾಂ, ಔಡಲ ಎಣ್ಣೆಗೆ 12.8 ಗ್ರಾಂ ಸೋಡಾ ಬೇಕು. ಹೀಗೆ ಬಂದ ಮೊತ್ತದಲ್ಲಿ ನೂರಕ್ಕೆ ಆರರಷ್ಟು ಕಡಿಮೆ ಮಾಡಿ ಹಾಕಬೇಕು. ಆಗ ಸ್ವಲ್ಪ ಎಣ್ಣೆ ಹಾಗೆಯೇ ಉಳಿದು ಚರ್ಮಕ್ಕೆ ಮೃದುವಾಗಿರುತ್ತದೆ, ಸೋಡಾ ಉಳಿದು ಚರ್ಮ ಸುಡುವ ಭಯವೂ ಇರುವುದಿಲ್ಲ.

ಈ ಕೆಲಸದಲ್ಲಿ ಲೋಟ, ಚಮಚದ ಅಳತೆ ನಡೆಯದು. ಎಲ್ಲವನ್ನೂ, ಎಣ್ಣೆಯನ್ನೂ ನೀರನ್ನೂ ಕೂಡ, ತಕ್ಕಡಿಯಲ್ಲಿ ತೂಗಲೇಬೇಕು.

ನಮ್ಮ ಭಾಗದ ಕುಸುಬಿ ಎಣ್ಣೆ ಸಾಬೂನಿಗೆ ಒಳ್ಳೆಯದೇ. ಆದರೆ ಅದು ಬೇಗ ಕಮಟು ಹಿಡಿಯುವ ಎಣ್ಣೆ. ಹೆಚ್ಚು ಹಾಕಿದರೆ ಕೆಲವು ತಿಂಗಳಲ್ಲಿ ಸಾಬೂನಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳು ಬರುತ್ತವೆ. ಆದ್ದರಿಂದ ಒಟ್ಟು ಎಣ್ಣೆಯಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ.

ನೀರಿನ ವಿಷಯದಲ್ಲೂ ಎಚ್ಚರ ಬೇಕು. ತಾಂಡೂರು ಸುಣ್ಣಕಲ್ಲಿನ ಹಾಸುಬಂಡೆಗೆ ಹೆಸರಾದ ಊರು. ಸುಣ್ಣದ ಅಂಶವಿರುವ ಗಡಸು ನೀರಿನಲ್ಲಿ ಸಾಬೂನು ನೊರೆ ಬಿಡದೆ ಬಿಳಿ ಕಿಟ್ಟವಾಗುತ್ತದೆ. ಸೋಡಾ ಕರಗಿಸಲು ಬೋರ್‌ವೆಲ್ ನೀರು ಬೇಡ. ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರನ್ನೋ, ಶುದ್ಧೀಕರಣ ಯಂತ್ರದ ನೀರನ್ನೋ ಬಳಸಿ. ಬ್ಯಾಟರಿ ಅಂಗಡಿಯಲ್ಲಿ ಕೇಳುವಾಗ ಬರೀ ನೀರು ಎಂದು ಸ್ಪಷ್ಟವಾಗಿ ಹೇಳಿ. ಆಸಿಡ್ ಬೆರೆತದ್ದು ಎಂದಿಗೂ ಸಲ್ಲದು.

ಕಾಸ್ಟಿಕ್ ಸೋಡಾ: ಮೊದಲು ಇದನ್ನು ಓದಿರಿ

ಸಾಬೂನಿನ ಅಂದಚಂದಕ್ಕಿಂತ ಮನೆಯ ಮಕ್ಕಳ ಕಣ್ಣು, ಬಾಯಿ ದೊಡ್ಡವು. ಕಾಸ್ಟಿಕ್ ಸೋಡಾ ಸಕ್ಕರೆಯಂತೆ, ಉಪ್ಪಿನಂತೆ ಕಾಣುತ್ತದೆ. ಅದರ ನೀರು ಕುಡಿಯುವ ನೀರಿನಂತೆಯೇ ತಿಳಿಯಾಗಿರುತ್ತದೆ. ಒಂದು ಗುಟುಕು ಹೊಟ್ಟೆಗೆ ಹೋದರೂ ಗಂಟಲು, ಅನ್ನನಾಳ ಸುಟ್ಟುಹೋಗುತ್ತವೆ.

1. ಕುಡಿಯುವ ನೀರಿನ ಬಾಟಲಿಯಲ್ಲಾಗಲಿ, ತಂಪು ಪಾನೀಯದ ಬಾಟಲಿಯಲ್ಲಾಗಲಿ ಸೋಡಾ ನೀರನ್ನು ಎಂದಿಗೂ ತುಂಬಿಡಬೇಡಿ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ಬೀಗ ಹಾಕುವ ಜಾಗದಲ್ಲಿಡಿ.

2. ನೀರಿಗೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ.

3. ಅಲ್ಯುಮಿನಿಯಂ ಪಾತ್ರೆ ಬೇಡ. ಸೋಡಾ ಅದನ್ನು ತಿನ್ನುತ್ತದೆ, ಹೊತ್ತಿಕೊಳ್ಳುವ ಅನಿಲವೂ ಹೊರಬರುತ್ತದೆ. ಸ್ಟೀಲ್ ಪಾತ್ರೆ ಅಥವಾ ಬಿಸಿ ತಡೆಯುವ ದಪ್ಪ ಪ್ಲಾಸ್ಟಿಕ್ ಪಾತ್ರೆ ಇರಲಿ. ಆ ಪಾತ್ರೆಗಳನ್ನು ಮತ್ತೆ ಅಡುಗೆಗೆ ಬಳಸಬೇಡಿ.

4. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ, ತುಂಬುತೋಳಿನ ಬಟ್ಟೆ ಇರಲಿ. ಗಾಳಿಯಾಡುವ ಜಾಗದಲ್ಲಿ, ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಈ ಕೆಲಸ ಮಾಡಿ.

5. ಚರ್ಮಕ್ಕೆ ತಗುಲಿದರೆ ಹದಿನೈದು ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ನಿಂಬೆಹುಳಿ, ವಿನಿಗರ್ ಹಚ್ಚಬೇಡಿ. ಕಣ್ಣಿಗೆ ಬಿದ್ದರೆ ಹಾಗೆಯೇ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ನುಂಗಿದ್ದರೆ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ತಡಮಾಡದೆ ಆಸ್ಪತ್ರೆ ಸೇರಿಸಿ.

ಸುಗಂಧ ಏನೇನು ಮಾಡುತ್ತದೆ?

ಎಣ್ಣೆಗೆ ಸೋಡಾ ನೀರು ಬೆರೆಸಿ ಕಲಕಿದಾಗ ಅದು ಮೊದಲು ಮಜ್ಜಿಗೆಯ ಹದಕ್ಕೆ ಬರುತ್ತದೆ, ಆಮೇಲೆ ಅಂಬಲಿಯ ಹದಕ್ಕೆ, ಕೊನೆಗೆ ಮುದ್ದೆಯ ಹದಕ್ಕೆ. ಬಣ್ಣದ ಸುಳಿ ಮೂಡಿಸಲು ಮಜ್ಜಿಗೆಗೂ ಅಂಬಲಿಗೂ ನಡುವಿನ ಹದವೇ ಬೇಕು. ಅದಕ್ಕಿಂತ ತೆಳುವಾದರೆ ಬಣ್ಣಗಳು ಕಲಸಿಹೋಗುತ್ತವೆ, ಗಟ್ಟಿಯಾದರೆ ಹರಿಯುವುದೇ ಇಲ್ಲ. ಸರಿಯಾಗಿ ಈ ಹೊತ್ತಿಗೇ ಸುಗಂಧ ಹಾಕಬೇಕಾಗುತ್ತದೆ, ತೊಂದರೆಯೂ ಆಗಲೇ ಶುರುವಾಗುತ್ತದೆ.

ಬೇಗ ಗಟ್ಟಿಯಾಗುವುದು: ಲವಂಗ, ದಾಲ್ಚಿನ್ನಿಯ ಎಣ್ಣೆಗಳು, ಮಲ್ಲಿಗೆ, ಗುಲಾಬಿ ಮುಂತಾದ ಹೂವಿನ ಪರಿಮಳದ ಅನೇಕ ತೈಲಗಳು ಬಿದ್ದ ಒಂದೆರಡು ನಿಮಿಷದಲ್ಲೇ ಮಜ್ಜಿಗೆ ಹೋಗಿ ಮುದ್ದೆಯಾಗಬಹುದು. ಕೆಲವೊಮ್ಮೆ ಸೌಟು ಅಲ್ಲಾಡದಷ್ಟು ಬಿಗಿಯುತ್ತದೆ.

ನುಚ್ಚಾಗುವುದು: ಸಾಬೂನಿನ ಹಿಟ್ಟಿನಲ್ಲಿ ಅಕ್ಕಿ ನುಚ್ಚಿನಂಥ ಕಾಳುಗಳು ಏಳುತ್ತವೆ. ಬಿರುಸಾಗಿ ಕಲಕಿದರೆ ಒಮ್ಮೊಮ್ಮೆ ಸರಿಹೋಗುತ್ತದೆ.

ಒಡೆಯುವುದು: ಹಾಲು ಒಡೆದಂತೆ ಎಣ್ಣೆ ಬೇರೆ, ನೀರು ಬೇರೆ ಆಗುತ್ತದೆ. ಇದನ್ನು ಹಾಗೆಯೇ ಅಚ್ಚಿಗೆ ಸುರಿದರೆ ಒಂದೆಡೆ ಎಣ್ಣೆ, ಇನ್ನೊಂದೆಡೆ ಸೋಡಾ ನಿಲ್ಲುತ್ತದೆ. ಅಂಥ ಸಾಬೂನು ಮೈಗೆ ಅಪಾಯ.

ಕಂದುವುದು: ವೆನಿಲಾ ಪರಿಮಳದಲ್ಲಿರುವ ವೆನಿಲಿನ್ ಎಂಬ ಅಂಶ ಸಾಬೂನನ್ನು ದಿನೇದಿನೇ ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಇಂದು ಬೆಳ್ಳಗಿದ್ದದ್ದು ತಿಂಗಳಲ್ಲಿ ಚಹಾದ ಬಣ್ಣಕ್ಕೆ ಬರುತ್ತದೆ. ಹೆಸರು ಬೇರೆ ಇದ್ದರೂ ಒಳಗೆ ವೆನಿಲಿನ್ ಇರಬಹುದು. ಚಾಕೊಲೇಟ್, ಬಾದಾಮಿ ಮುಂತಾದ ಸಿಹಿ ವಾಸನೆಯ ತೈಲಗಳಲ್ಲಿ ಇದು ಸಾಮಾನ್ಯ.

ಮಾಯವಾಗುವುದು: ನಿಂಬೆ, ಕಿತ್ತಳೆಯ ಪರಿಮಳ ಶೀಶೆಯಲ್ಲಿ ಘಮಘಮಿಸಿದರೂ ಸಾಬೂನಿನಲ್ಲಿ ಕೆಲವೇ ವಾರ ಉಳಿಯುತ್ತದೆ. ಗಂಧದೆಣ್ಣೆಯಂಥ ಭಾರವಾದ ಪರಿಮಳ ಹೆಚ್ಚು ಕಾಲ ನಿಲ್ಲುತ್ತದೆ.

ಗಂಧದ ಮಾತು ಬಂದದ್ದರಿಂದ ಒಂದು ವಿಷಯ ನೆನಪಿಸುತ್ತೇವೆ. ಮೊದಲನೇ ಮಹಾಯುದ್ಧದಿಂದ ಮೈಸೂರಿನ ಗಂಧದ ಮರ ಯೂರೋಪಿಗೆ ಸಾಗದೆ ಉಳಿದಾಗ, ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಇಲ್ಲಿಯೇ ಎಣ್ಣೆ ತೆಗೆಯುವ ಕೆಲಸ ಶುರುವಾಯಿತು. ಆ ಎಣ್ಣೆಯನ್ನು ಸಾಬೂನಿಗೆ ಸೇರಿಸುವ ವಿದ್ಯೆ ಕಲಿಯಲು ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಿದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಹೊರಬಂದಿತು. ಕೈಯಲ್ಲಿ ಅಪ್ಪಟ ಗಂಧದೆಣ್ಣೆ ಇದ್ದ ಸರ್ಕಾರವೂ ಮೊದಲು ಕಲಿತು ಆಮೇಲೆ ಮಾಡಿತು. ಒಳಗೆ ಏನಿದೆಯೆಂದೇ ತಿಳಿಯದ ಶೀಶೆ ಹಿಡಿದ ನಾವು ಇನ್ನೆಷ್ಟು ಎಚ್ಚರದಿಂದಿರಬೇಕು!

ನಾಲ್ಕು ಬಟ್ಟಲಿನ ಪರೀಕ್ಷೆ

ಹೊಸ ಶೀಶೆ ತಂದಾಗ ನೇರವಾಗಿ ದೊಡ್ಡ ಪಾತ್ರೆಗೆ ಹಾಕಬೇಡಿ. ಅರ್ಧ ಕಿಲೋ ಎಣ್ಣೆಯಲ್ಲಿ ಮೂರು ಶೀಶೆಗಳನ್ನು ಒಂದೇ ದಿನ ಪರೀಕ್ಷಿಸಬಹುದು.

ಬೇಕಾಗುವ ಸಾಮಾನು: ಕೊಬ್ಬರಿ ಎಣ್ಣೆ 200 ಗ್ರಾಂ, ಪಾಮೋಲಿನ್ ಎಣ್ಣೆ 150 ಗ್ರಾಂ, ಕುಸುಬಿ ಎಣ್ಣೆ 100 ಗ್ರಾಂ, ಔಡಲ ಎಣ್ಣೆ 50 ಗ್ರಾಂ, ಶುದ್ಧ ಕಾಸ್ಟಿಕ್ ಸೋಡಾ 73 ಗ್ರಾಂ, ನೀರು 165 ಗ್ರಾಂ. ಮೋರಿ ತೊಳೆಯಲು ಮಾರುವ ಪುಡಿಯಲ್ಲಿ ಬೇರೆ ವಸ್ತುಗಳು ಬೆರೆತಿರುತ್ತವೆ, ಅದು ಬೇಡ.

ಮಾಡುವ ಕ್ರಮ: ನೀರಿಗೆ ಸೋಡಾ ಹಾಕಿ ಕರಗಿಸಿ, ಆರಲು ಬಿಡಿ. ಬೇಸಿಗೆಯಲ್ಲಿ ನಮ್ಮ ಕಡೆಯ ಸೆಕೆಗೆ ಅದು ಬೇಗ ಆರುವುದಿಲ್ಲ. ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಇಟ್ಟು 35ರಿಂದ 40 ಡಿಗ್ರಿಗೆ ತನ್ನಿ. ಎಣ್ಣೆಗಳನ್ನು ಬೆರೆಸಿ ಅದೇ ಬಿಸಿಗೆ ತಂದು, ಸೋಡಾ ನೀರನ್ನು ನಿಧಾನವಾಗಿ ಸುರಿದು ಕಲಕಿ. ಕೈಯಲ್ಲಿ ಹಿಡಿಯುವ ಬ್ಲೆಂಡರ್ ಇದ್ದರೆ ಕೆಲವೇ ಸೆಕೆಂಡು ಓಡಿಸಿ ನಿಲ್ಲಿಸಿ. ಎಣ್ಣೆಯ ಗೆರೆಗಳು ಕಾಣದೆ ಮಜ್ಜಿಗೆಯಂತಾದಾಗ ನಾಲ್ಕು ಪ್ಲಾಸ್ಟಿಕ್ ಬಟ್ಟಲುಗಳಿಗೆ ಸಮನಾಗಿ ಹಂಚಿ. ಒಂದೊಂದರಲ್ಲಿ ಸುಮಾರು 180 ಗ್ರಾಂ ಬರುತ್ತದೆ.

ಮೂರು ಬಟ್ಟಲುಗಳಿಗೆ ಮೂರು ಬೇರೆಬೇರೆ ಸುಗಂಧವನ್ನು 3 ಗ್ರಾಂನಂತೆ ಹಾಕಿ ಕೈಯಿಂದಲೇ ಕಲಕಿ. ಇಷ್ಟು ಸಣ್ಣ ತೂಕಕ್ಕೆ ಬಂಗಾರ ತೂಗುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು. ನಾಲ್ಕನೇ ಬಟ್ಟಲಿಗೆ ಏನೂ ಹಾಕಬೇಡಿ. ಇದೇ ಮುಖ್ಯ. ನಾಲ್ಕೂ ಬಟ್ಟಲು ಬೇಗ ಗಟ್ಟಿಯಾದರೆ ತಪ್ಪು ಬಿಸಿಯದೋ ಎಣ್ಣೆಯದೋ ಆಗಿರುತ್ತದೆ. ಬರೀ ಬಟ್ಟಲು ತೆಳುವಾಗಿದ್ದು ಬೇರೊಂದು ಬಿಗಿದರೆ ಅದು ಆ ಶೀಶೆಯದೇ ಕೆಲಸ.

ಗಡಿಯಾರ ನೋಡಿ ಎಷ್ಟು ನಿಮಿಷಕ್ಕೆ ಯಾವ ಹದ ಬಂತೆಂದು ಬರೆದಿಡಿ. ಮರುದಿನ, ಒಂದು ವಾರದ ನಂತರ, ನಾಲ್ಕು ವಾರದ ನಂತರ ಬಣ್ಣ ಮತ್ತು ಪರಿಮಳ ನೋಡಿ ಬರೆಯಿರಿ. ಶೀಶೆಯ ಹೆಸರು, ಅಂಗಡಿ, ತಂದ ದಿನ, ಬ್ಯಾಚ್ ನಂಬರು ಕೂಡ ಪುಸ್ತಕದಲ್ಲಿರಲಿ. ಏಕೆಂದರೆ ಮಲ್ಲಿಗೆ ಎಂದು ಬರೆದ ಎರಡು ಅಂಗಡಿಗಳ ಶೀಶೆಗಳು ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಅಂಗಡಿ ಬದಲಾದರೆ ಪರೀಕ್ಷೆಯೂ ಹೊಸದಾಗಿ ಆಗಬೇಕು.

ಹಟಮಾರಿ ಸುಗಂಧವನ್ನು ಬಳಸುವ ಬಗೆ

ಪರೀಕ್ಷೆಯಲ್ಲಿ ತೊಂದರೆ ಕೊಟ್ಟ ಶೀಶೆಯನ್ನೆಲ್ಲ ಎಸೆಯಬೇಕಿಲ್ಲ. ಬೇಗ ಗಟ್ಟಿಯಾಗುವುದಾದರೆ ನೀರು ಕಡಿಮೆ ಮಾಡಬೇಡಿ, ಬಿಸಿ ಕಡಿಮೆ ಇರಲಿ, ಬ್ಲೆಂಡರ್ ಮುಟ್ಟಬೇಡಿ. ಬಣ್ಣಗಳನ್ನು ಮೊದಲೇ ಹಂಚಿ ಕಲಸಿಟ್ಟು, ಸುಗಂಧವನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ. ಆಗಲೂ ಬಿಗಿಯುವುದಾದರೆ ಸುಳಿಯ ಆಸೆ ಬಿಟ್ಟು ಒಂದರ ಮೇಲೊಂದು ಪದರ ಹಾಕಿ. ಅದೂ ಚೆಂದವೇ. ಕಂದುವ ಸುಗಂಧವನ್ನು ಒಂದು ಪಾಲಿಗೆ ಮಾತ್ರ ಹಾಕಿ, ಇನ್ನೊಂದು ಪಾಲನ್ನು ಸುಗಂಧವಿಲ್ಲದೆ ಬೆಳ್ಳಗೆ ಬಿಟ್ಟರೆ ಕಂದು-ಬಿಳಿ ಸುಳಿ ತಾನಾಗಿಯೇ ಮೂಡುತ್ತದೆ. ದಿನ ಕಳೆದಂತೆ ಕಂದು ಸ್ವಲ್ಪ ಹರಡುವುದುಂಟು. ಒಡೆಯುವ ಸುಗಂಧವನ್ನು ಮಾತ್ರ ಸಾಬೂನಿಗೆ ಬಳಸಲೇಬೇಡಿ.

ಪರೀಕ್ಷೆಯಲ್ಲಿ ಗೆದ್ದ ಸುಗಂಧಕ್ಕೆ ದೊಡ್ಡ ಪಾತ್ರೆಯ ಲೆಕ್ಕ ಸುಲಭ. ಒಂದು ಕಿಲೋ ಎಣ್ಣೆಗೆ ಮೇಲಿನ ಎಲ್ಲ ತೂಕಗಳನ್ನೂ ಎರಡರಿಂದ ಗುಣಿಸಿ, ಸುಗಂಧ 24 ಗ್ರಾಂ ಹಾಕಿ. ಒಣಗಿದ ಮೇಲೆ 100 ಗ್ರಾಂನ ಹನ್ನೆರಡು ಹದಿಮೂರು ತುಂಡು ಸಿಗುತ್ತವೆ.

ಬಣ್ಣ ಯಾವುದು?

ಹೂವು, ತರಕಾರಿಯ ಬಣ್ಣ ಕ್ಷಾರದಲ್ಲಿ ನಿಲ್ಲುವುದು ಅಪರೂಪ. ಬೀಟ್‌ರೂಟ್, ದಾಸವಾಳ, ಗುಲಾಬಿ ದಳ ಎಲ್ಲವೂ ಮಣ್ಣುಬಣ್ಣಕ್ಕೆ ತಿರುಗುತ್ತವೆ. ಅರಿಶಿನ ಸೋಡಾ ತಗುಲಿದೊಡನೆ ಕೆಂಪಾಗಿ, ಆಮೇಲೆ ಹಳದಿಗೆ ಬಂದು, ಬಿಸಿಲಿಗೆ ಮಾಸುತ್ತದೆ. ಮಂಜಿಷ್ಠದ ಪುಡಿ ನಸುಗೆಂಪು ಕೊಡುತ್ತದೆ, ನೀಲಿ ಗಿಡದ ಬಣ್ಣ ಚೆನ್ನಾಗಿ ನಿಲ್ಲುತ್ತದೆ. ಮೇಲೆ ಉದುರಿಸುವುದಾದರೆ ಕುಸುಬಿ ಹೂವಿನ ದಳ ಗುಲಾಬಿಯಂತೆ ಕಪ್ಪಾಗುವುದಿಲ್ಲ. ಗಟ್ಟಿ ಬಣ್ಣ ಬೇಕಾದರೆ ಸೌಂದರ್ಯ ಸಾಧನಗಳಿಗೆಂದೇ ಮಾರುವ ಕಬ್ಬಿಣದ ಆಕ್ಸೈಡ್, ಅಲ್ಟ್ರಾಮರೀನ್ ನೀಲಿ, ಬಿಳುಪಿಗೆ ಟೈಟಾನಿಯಂ ಡೈಆಕ್ಸೈಡ್ ಬಳಸಿ. ಒಂದು ಕಿಲೋ ಎಣ್ಣೆಗೆ ಒಂದೆರಡು ಚಹಾ ಚಮಚ ಸಾಕು. ಮೊದಲು ಸ್ವಲ್ಪ ಎಣ್ಣೆಯಲ್ಲಿ ಗಂಟಿಲ್ಲದಂತೆ ಅರೆದುಕೊಳ್ಳಿ. ಹೋಳಿಯ ಬಣ್ಣ, ಬಟ್ಟೆಯ ಬಣ್ಣ, ಗೋಡೆಯ ಬಣ್ಣ ಎಂದಿಗೂ ಬೇಡ. ಹಾಗೆಯೇ ಜಹೀರಾಬಾದಿನ ಕೆಮ್ಮಣ್ಣು, ತಾಂಡೂರಿನ ಎರೆಮಣ್ಣು ನೋಡಲು ಎಷ್ಟೇ ಚೆಂದವಿದ್ದರೂ ಹೊಲದ ಮಣ್ಣನ್ನು ಸಾಬೂನಿಗೆ ಹಾಕಬಾರದು.

ಸುಳಿ ಮೂಡಿಸುವುದು ಸುಲಭ. ಬೆಣ್ಣೆ ಕಾಗದ ಹಾಸಿದ ಮರದ ಪೆಟ್ಟಿಗೆಗೆ ಬಣ್ಣಗಳನ್ನು ಒಂದಾದ ಮೇಲೊಂದು ಸುರಿದು, ಒಂದು ಕಡ್ಡಿಯನ್ನು ತಳದವರೆಗೆ ಇಳಿಸಿ ಎರಡು ಮೂರು ಸಲ ತಿರುಗಿಸಿ. ಹೆಚ್ಚು ತಿರುಗಿಸಿದರೆ ಬಣ್ಣಗಳು ಕಲಸುತ್ತವೆ. ಒಂದೆರಡು ದಿನ ಬಿಟ್ಟು ಗವಸು ಹಾಕಿಕೊಂಡೇ ಕತ್ತರಿಸಿ, ಗಾಳಿಯಾಡುವ ನೆರಳಿನಲ್ಲಿ ನಾಲ್ಕರಿಂದ ಆರು ವಾರ ಒಣಗಿಸಿ. ಮಳೆಗಾಲದಲ್ಲಿ ಇನ್ನೂ ಹೆಚ್ಚು ದಿನ ಬೇಕು. ಕೊನೆಗೆ ಪಿಎಚ್ ಕಾಗದದಿಂದ ನೋಡಿದರೆ 9ರಿಂದ 10 ಇರುವುದು ಸಹಜ. 11 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಳಸಬೇಡಿ.

ಚರ್ಮದ ಆರೋಗ್ಯ

ಕೆಲವರ ಚರ್ಮಕ್ಕೆ ಸುಗಂಧವೇ ಅಲರ್ಜಿ ತರುತ್ತದೆ: ತುರಿಕೆ, ಕೆಂಪು ಗುಳ್ಳೆ, ಸಿಪ್ಪೆ ಏಳುವುದು. ಕಡಿಮೆ ಬೆಲೆಗೆ ಸಿಗುತ್ತದೆಂದು ಅಗರಬತ್ತಿಗೆ ಬೆರೆಸುವ ಸುಗಂಧ ತರಬೇಡಿ, ಅದು ಚರ್ಮಕ್ಕೆಂದು ಮಾಡಿದ್ದಲ್ಲ. ಹೈದರಾಬಾದಿನ ಚಾರ್ಮಿನಾರ್ ಸುತ್ತಲಿನ ಅಂಗಡಿಗಳ ಅತ್ತರು ಬಟ್ಟೆಗೆ ಹಚ್ಚಲು ಸರಿ, ಸಾಬೂನಿಗೆ ಹೊಂದುತ್ತದೆಂದು ಹೇಳಲಾಗದು. ಸುಗಂಧ ಮಾರುವವರಲ್ಲಿ ಇಫ್ರಾ ಪ್ರಮಾಣಪತ್ರ ಕೇಳಿ. ಇಫ್ರಾ ಎಂಬುದು ಸುಗಂಧ ತಯಾರಕರ ಅಂತರರಾಷ್ಟ್ರೀಯ ಸಂಸ್ಥೆ. ಅದರ ನಿಯಮದಲ್ಲಿ ಸಾಬೂನು ಒಂಬತ್ತನೇ ವರ್ಗಕ್ಕೆ ಸೇರುತ್ತದೆ. ಆ ವರ್ಗದಲ್ಲಿ ನೂರಕ್ಕೆ ಎಷ್ಟು ಬಳಸಬಹುದೆಂದು ಪತ್ರದಲ್ಲಿ ಬರೆದಿರುತ್ತದೆ. ಪತ್ರ ಕೊಡಲು ಒಲ್ಲದವರಲ್ಲಿ ಕೊಳ್ಳಬೇಡಿ.

ಹಸುಗೂಸುಗಳಿಗೆ, ಕಜ್ಜಿ ಇರುವವರಿಗೆ ಸುಗಂಧದ ಸಾಬೂನು ಬೇಡ. ಬೇವು, ಅರಿಶಿನ ಹಾಕಿದ ಮಾತ್ರಕ್ಕೆ ಸಾಬೂನು ಔಷಧಿಯಾಗುವುದಿಲ್ಲ. ಚರ್ಮರೋಗ ವಾಸಿಮಾಡುತ್ತದೆಂದು ಹೇಳಿ ಮಾರುವುದು ಜನರಿಗೆ ಮಾಡುವ ಮೋಸ.

ಮಾರುವ ಮುನ್ನ

ಮನೆಬಳಕೆಗೆ ಮಾಡಿಕೊಳ್ಳಲು ಅಡ್ಡಿಯಿಲ್ಲ. ಮಾರಾಟಕ್ಕೆ ಮಾತ್ರ ಪರವಾನಗಿ ಬೇಕು. ಮೈಗೆ ಹಚ್ಚುವ ಸಾಬೂನು ಕಾನೂನಿನ ಪ್ರಕಾರ ಸೌಂದರ್ಯ ಸಾಧನ. 2020ರ ಸೌಂದರ್ಯ ಸಾಧನಗಳ ನಿಯಮಗಳಂತೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ತಯಾರಿಕೆಯ ಪರವಾನಗಿ ಪಡೆಯಬೇಕು. ಹೊದಿಕೆಯ ಮೇಲೆ ತಯಾರಕರ ಹೆಸರು, ವಿಳಾಸ, ಬಳಸಿದ ವಸ್ತುಗಳು, ತೂಕ, ಬ್ಯಾಚ್ ನಂಬರು, ಪರವಾನಗಿ ನಂಬರು, ಬಳಕೆಯ ಅವಧಿ ಇರಬೇಕು. ಒಬ್ಬೊಬ್ಬರಿಗೆ ಇದು ಭಾರವೆನಿಸಿದರೆ ಹತ್ತು ಮನೆಯವರು ಸೇರಿ ಒಂದೇ ಜಾಗದಲ್ಲಿ ತಯಾರಿಸುವುದು ಲೇಸು. ಸೋಡಾ ಡಬ್ಬಿ ಹತ್ತು ಮನೆಗಳಲ್ಲಿ ಇರುವ ಬದಲು ಒಂದೇ ಕಡೆ ಬೀಗದೊಳಗೆ ಇರುತ್ತದೆ ಎಂಬುದು ಇನ್ನೊಂದು ಲಾಭ.

ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಬೇಳೆಯ ರುಚಿಯನ್ನು ಕೊಳ್ಳುವವರು ವರ್ಷವರ್ಷವೂ ನಂಬಿ ಬರುತ್ತಾರೆ. ಸಾಬೂನಿಗೂ ಇದೇ ಮಾತು. ಮೊದಲ ತುಂಡನ್ನು ಜನ ಬಣ್ಣ ನೋಡಿ ಕೊಳ್ಳುತ್ತಾರೆ. ಎರಡನೆಯದನ್ನು ಕೊಳ್ಳುವುದು, ಅದು ಮೊದಲಿನಂತೆಯೇ ಇದ್ದರೆ ಮತ್ತು ಮೈಗೆ ಹಿತವಾಗಿದ್ದರೆ ಮಾತ್ರ. ಆ ನಂಬಿಕೆ ಉಳಿಸಿಕೊಳ್ಳಲು ಬೇಕಾದದ್ದು ಒಂದು ತಕ್ಕಡಿ, ಒಂದು ನೋಟ್‌ಬುಕ್, ನಾಲ್ಕು ಬಟ್ಟಲು ಮತ್ತು ನಾಲ್ಕು ವಾರದ ತಾಳ್ಮೆ. ದೊಡ್ಡ ಪಾತ್ರೆಯನ್ನು ಆಮೇಲೆ ತೊಳೆದಿಡಿ.